ಹಾರೋ ಸ್ಟೇಷನ್ನಿನ ಕೆಂಪು ವೈನ್

ಬೆಂಗಳೂರಿನ ಯಾವುದಾದರೂ ದೊಡ್ಡ ವೈನ್ ಅಂಗಡಿಯಲ್ಲಿ ಸ್ಪೇನ್ ಕಪಾಟಿನ ಮುಂದೆ ನಿಂತರೆ 'ರಿಯೋಹಾ' ಅನ್ನೋ ಹೆಸರು ಕಣ್ಣಿಗೆ ಬೀಳುತ್ತೆ. ಇಂಗ್ಲಿಷ್ ಓದಿನ ಅಭ್ಯಾಸದಲ್ಲಿ 'ರಿಯೋಜಾ' ಅನ್ನೋರೇ ಜಾಸ್ತಿ. ಸ್ಪ್ಯಾನಿಷ್‌ನಲ್ಲಿ ಆ 'ಜೆ' ಗಂಟಲಿಂದ ಬರೋ 'ಹ'. ಹೆಸರಿನ ಕೆಳಗೆ ಇನ್ನೂ ಕೆಲವು ಪದಗಳಿರುತ್ತವೆ: ಕ್ರಿಯಾಂಸಾ, ರೆಸೆರ್ವಾ, ಗ್ರಾನ್ ರೆಸೆರ್ವಾ. ಈ ಪದಗಳ ಹಿಂದೆ ಒಬ್ಬ ಪಾದ್ರಿಯ ಸೋಲಿದೆ, ಒಂದು ರೈಲಿದೆ, ಸಾಸಿವೆಗಿಂತ ಸಣ್ಣ ಹೇನೊಂದಿದೆ. ವೈನ್ ಮುಟ್ಟದವರೂ ಓದಬಹುದಾದ ಕತೆ ಇದು. ಬೇರೆ ದೇಶದ ಗಿರಾಕಿಯನ್ನ ನಂಬಿ ಬದುಕು ಕಟ್ಟಿಕೊಂಡ ಜನ ಇದರಲ್ಲಿದ್ದಾರೆ. ಐಟಿ ಪಾರ್ಕುಗಳ ಸುತ್ತ ಮನೆ ಸಾಲ ಕಟ್ಟುತ್ತಾ ಇರೋ ನಮಗೆ ಅವರು ಅಷ್ಟೇನೂ ಅಪರಿಚಿತರಲ್ಲ.

ರಿಯೋಹಾ ಅಂದ್ರೆ ಸ್ಪೇನಿನ ಉತ್ತರದಲ್ಲಿ ಎಬ್ರೋ ನದಿಯ ಎರಡೂ ದಂಡೆಗೆ ಹರಡಿರೋ ನಾಡು. ಉತ್ತರಕ್ಕೆ ಕಾಂಟಾಬ್ರಿಯಾ ಬೆಟ್ಟಸಾಲು ಗೋಡೆಯ ಹಾಗೆ ನಿಂತು ಅಟ್ಲಾಂಟಿಕ್ ಕಡೆಯ ಮಳೆ, ಚಳಿಗಾಳಿಯನ್ನ ತಡೆಯುತ್ತೆ. ಇಲ್ಲಿನ ಮುಖ್ಯ ಕಪ್ಪುದ್ರಾಕ್ಷಿಯ ಹೆಸರು ತೆಂಪ್ರಾನಿಯೋ. 'ತೆಂಪ್ರಾನೋ' ಅಂದ್ರೆ ಬೇಗ. ಬೇರೆ ತಳಿಗಳಿಗಿಂತ ಮುಂಚೆ ಹಣ್ಣಾಗೋದರಿಂದ ಈ ಹೆಸರು. ಗಾರ್ನಾಚಾ, ಗ್ರಾಸಿಯಾನೋ, ಮಾಸುವೆಲೋ ಅನ್ನೋ ತಳಿಗಳನ್ನ ಇದರ ಜೊತೆ ಬೆರೆಸುತ್ತಾರೆ. ಸಾಂಟಿಯಾಗೋ ಯಾತ್ರೆಯ ಹಳೇ ದಾರಿ ಹಾದುಹೋಗೋದೂ ಇದೇ ನಾಡಿನಲ್ಲಿ. ಇಲ್ಲಿನ ಸಾನ್ ಮಿಯಾನ್ ಮಠದ ಲ್ಯಾಟಿನ್ ಹಸ್ತಪ್ರತಿಯೊಂದರ ಅಂಚಿನಲ್ಲಿ ಯಾರೋ ಸಂನ್ಯಾಸಿ ಗೀಚಿದ ಅರ್ಥಟಿಪ್ಪಣಿಗಳು ಆಡುಭಾಷೆಯ ಮೊದಮೊದಲ ಬರಹಗಳ ಸಾಲಿನಲ್ಲಿ ನಿಲ್ಲುತ್ತವೆ. ನಮಗೆ ಹಲ್ಮಿಡಿ ಹೇಗೋ ಅವರಿಗೆ ಅದು ಹಾಗೆ.

ವೈನ್ ಇಲ್ಲಿ ರೋಮನ್ನರ ಕಾಲದಿಂದಲೂ ಇತ್ತು. ಆದರೆ ಅದು ಕಾದಿಡುವ ವೈನ್ ಆಗಿರಲಿಲ್ಲ. ಗೊಂಚಲನ್ನ ಹಾಗ್ಹಾಗೇ ಕಲ್ಲಿನ ತೊಟ್ಟಿಗೆ ಸುರಿಯೋದು, ಕಾಲಲ್ಲಿ ತುಳಿಯೋದು, ಹುಳಿ ಬಂದ ಮೇಲೆ ಮೇಕೆ ತೊಗಲಿನ ಚೀಲಕ್ಕೆ ತುಂಬಿ ಹೇಸರಗತ್ತೆ ಮೇಲೆ ಹೇರಿ ಪಕ್ಕದೂರಿಗೆ ಕಳಿಸೋದು. ಅಷ್ಟೇ ವ್ಯಾಪಾರ. ಬೇಸಿಗೆ ಹೊತ್ತಿಗೆ ಅದು ಕೆಡೋಕೆ ಶುರುವಾಗುತ್ತಿತ್ತು. ಮುಂದಿನ ಸುಗ್ಗಿ ಬಂದಾಗ ಹಳೇ ವೈನನ್ನ ಚೆಲ್ಲಿ ಜಾಗ ಮಾಡಬೇಕು. ಮಿಕ್ಕಿದ್ದನ್ನ ನೀರಿನ ಬದಲು ಗಾರೆಗೆ ಕಲಸಿ ಮನೆ ಕಟ್ಟಿದ್ದಾರೆ ಅನ್ನೋ ಮಾತು ಆ ಕಡೆ ಇವತ್ತಿಗೂ ಇದೆ. ಹಾಗಂತ ಅವರಿಗೆ ವೈನ್ ಮೇಲೆ ಅಕ್ಕರೆ ಕಮ್ಮಿ ಅಂದುಕೊಳ್ಳಬೇಡಿ. 1635ರಲ್ಲಿ ಲೊಗ್ರೋನ್ಯೋ ಪಟ್ಟಣದ ಮೇಯರ್ ನೆಲಮಾಳಿಗೆಗಳ ಪಕ್ಕದ ಬೀದಿಗಳಲ್ಲಿ ಗಾಡಿ ಓಡಿಸಬಾರದು ಅಂತ ಆಜ್ಞೆ ಹೊರಡಿಸಿದ. ಚಕ್ರದ ಅದುರಾಟಕ್ಕೆ ಕೆಳಗಿನ ವೈನ್ ಕೆಡುತ್ತೆ ಅನ್ನೋ ಭಯ!

ಇನ್ನು ಪಾದ್ರಿಯ ವಿಷಯ. ಮಾನುಯೆಲ್ ಕಿಂತಾನೋ ಅಂತ ಅವನ ಹೆಸರು, ಲಬಾಸ್ತಿದಾ ಊರಿನವನು. 1780ರ ದಶಕದಲ್ಲಿ ಅವನು ಫ್ರಾನ್ಸಿನ ಬೋರ್ಡೋಗೆ ಹೋಗಿ ಅಲ್ಲಿಯವರು ವೈನನ್ನ ಓಕ್ ಮರದ ಪೀಪಾಯಿಯಲ್ಲಿ ಹೇಗೆ ಮಾಗಿಸ್ತಾರೆ, ಹೇಗೆ ತಿಳಿ ಮಾಡ್ತಾರೆ ಅಂತ ಕಲಿತು ಬಂದ. ಊರಲ್ಲಿ ಮಾಡಿಯೂ ತೋರಿಸಿದ. ಅವನ ವೈನ್ ಹಡಗಿನಲ್ಲಿ ಅಟ್ಲಾಂಟಿಕ್ ದಾಟಿದರೂ ಕೆಡಲಿಲ್ಲ. ಆದರೆ ಊರಿನ ಕಟ್ಟಳೆ ಬೇರೆ ಇತ್ತು: ಒಂದು ಊರಿನ ವೈನಿಗೆಲ್ಲ ಒಂದೇ ದರ. ಪೀಪಾಯಿ ಕೊಂಡು, ವರ್ಷಗಟ್ಟಲೆ ಕಾದು ಮಾರೋನಿಗೂ, ಹೋದ ತಿಂಗಳು ತುಳಿದು ಇವತ್ತು ಮಾರೋನಿಗೂ ಅದೇ ಬೆಲೆ. ಅವನಿಗೆ ಹೆಚ್ಚು ಬೆಲೆ ಕೊಡೋಕೆ ಉಳಿದ ಬೆಳೆಗಾರರು ಒಪ್ಪಲಿಲ್ಲ. ಕಿಂತಾನೋನ ವಿದ್ಯೆ ಅವನ ಜೊತೆಗೇ ಮಣ್ಣಾಯಿತು.

ಅವರನ್ನ ಹಳ್ಳಿ ಮುಕ್ಕರು ಅಂತ ಬೈಯೋದು ಸುಲಭ. ನನಗೆ ಹಾಗನಿಸೋದಿಲ್ಲ. ಒಂದು ಪೀಪಾಯಿಗೆ 225 ಲೀಟರ್ ಹಿಡಿಯುತ್ತೆ. ಅದನ್ನ ಎರಡು ಮೂರು ವರ್ಷ ಮೂಲೆಯಲ್ಲಿ ಇಟ್ಟು ಕಾಯೋದು ಅಂದ್ರೆ ಅಷ್ಟು ಕಾಲ ಕೈಗೆ ಕಾಸು ಬಾರದೇ ಬದುಕಬೇಕು. ಸಾಲ ಮಾಡಿ ಬೆಳೆ ಇಟ್ಟ ರೈತ ಕಾಯೋದಾದರೂ ಹೇಗೆ? ಕೊಯ್ದ ದಿನವೇ ಬಂದ ರೇಟಿಗೆ ಟೊಮೆಟೊ ಕೊಟ್ಟು ಬರೋ ಕೋಲಾರದ ರೈತನನ್ನ ಕೇಳಿ. ಕಾಯೋಕೆ ಬಂಡವಾಳ ಬೇಕು. ರಿಯೋಹಾದ ಮುಂದಿನ ಇತಿಹಾಸವೆಲ್ಲ ಈ ಬಂಡವಾಳ ಯಾರ ಹತ್ತಿರ ಇತ್ತು ಅನ್ನೋದರ ಸುತ್ತ ಸುತ್ತುತ್ತೆ.

ಕಿಂತಾನೋ ಆದಮೇಲೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕಳೆಯಿತು. 1843ರಲ್ಲಿ ಸ್ಪೇನಿನ ರಾಜಪ್ರತಿನಿಧಿಯಾಗಿದ್ದ ಜನರಲ್ ಎಸ್ಪಾರ್ತೆರೋ ಅಧಿಕಾರ ಕಳಕೊಂಡು ಲಂಡನ್ನಿಗೆ ಓಡಿದ. ಅವನ ಹಿಂದೆ ಹೋದವನು ಪೆರುವಿನಲ್ಲಿ ಹುಟ್ಟಿದ ಯುವ ಸೇನಾಧಿಕಾರಿ ಲುಸಿಯಾನೋ ಮುರ್ರಿಯೆತಾ. ಲಂಡನ್ನಿನ ಸಿರಿವಂತರು ಬೋರ್ಡೋ ವೈನಿಗೆ ಕೊಡುವ ಬೆಲೆ ಅವನಿಗೆ ಅಲ್ಲಿ ಕಂಡಿತು. ಬೋರ್ಡೋಗೆ ಹೋಗಿ ಕಲಿತ. 1852ರಲ್ಲಿ ಲೊಗ್ರೋನ್ಯೋದಲ್ಲಿ, ಅದೇ ಎಸ್ಪಾರ್ತೆರೋನ ನೆಲಮಾಳಿಗೆಯಲ್ಲಿ ಹೊಸ ಬಗೆಯ ವೈನ್ ಮಾಡಿ ಹವಾನಾ ಕಡೆಗೆ ಕಳಿಸಿದ. 1858ರಲ್ಲಿ ಎಲ್ಸಿಯೆಗೋ ಊರಿನಲ್ಲಿ ಶುರುವಾದ ಮಾರ್ಕೆಸ್ ದೆ ರಿಸ್ಕಾಲ್ ಕೂಡ ಬೋರ್ಡೋದಲ್ಲೇ ಬಹುಕಾಲ ಇದ್ದವರೊಬ್ಬರದ್ದು. ಹೆಸರಲ್ಲೇ ಇದೆ ನೋಡಿ, 'ಮಾರ್ಕೆಸ್' ಅಂದ್ರೆ ಜಹಗೀರುದಾರ.

1862ರಲ್ಲಿ ಆಲಾವಾ ಪ್ರಾಂತ್ಯದ ಸರ್ಕಾರ ಬೋರ್ಡೋದಿಂದ ಜಾನ್ ಪಿನೋ ಅನ್ನೋ ನುರಿತ ಕೆಲಸಗಾರನನ್ನ ಕರೆಸಿತು. ರೈತರಿಗೆಲ್ಲ ಕಲಿಸಲಿ ಅನ್ನೋದು ಉದ್ದೇಶ. ವೈನೇನೋ ಚೆನ್ನಾಗೇ ಬಂತು. ಆದರೆ ಪೀಪಾಯಿ ಕೊಳ್ಳೋ ಖರ್ಚು, ಕಾಯೋ ಖರ್ಚು ಸಣ್ಣ ಹಿಡುವಳಿಯವರ ಕೈಗೆ ಎಟುಕಲಿಲ್ಲ. ಯೋಜನೆ ನಿಂತಾಗ ಪಿನೋಗೆ ಕೆಲಸ ಕೊಟ್ಟದ್ದು ರಿಸ್ಕಾಲ್. ಸರ್ಕಾರಿ ದುಡ್ಡಲ್ಲಿ ಬಂದ ವಿದ್ಯೆ ಜಹಗೀರುದಾರರ ಮಾಳಿಗೆ ಸೇರಿತು.

ಈಗ ಹೇನು. 1850ರ ದಶಕದಲ್ಲಿ ಯುರೋಪಿನ ದ್ರಾಕ್ಷಿಗೆ ಬೂದಿರೋಗ ಬಡಿಯಿತು. ನಮ್ಮ ವಿಜಯಪುರದ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರೋ ರೋಗವೇ. ಅಮೆರಿಕದ ಬಳ್ಳಿಗಳು ಅದನ್ನ ತಡಕೊಳ್ಳುತ್ತವೆ ಅಂತ ಅಲ್ಲಿಂದ ಗಿಡ ತರಿಸಿದರು. ಗಿಡದ ಬೇರಿನಲ್ಲಿ ಫಿಲೋಕ್ಸೆರಾ ಅನ್ನೋ ಹೇನೂ ಬಂತು. ಹಾಯಿಹಡಗಿನ ಕಾಲದಲ್ಲಿ ಸಾಗರ ದಾಟುವಷ್ಟರಲ್ಲಿ ಸಾಯುತ್ತಿದ್ದ ಹುಳ, ಉಗಿಹಡಗಿನ ವೇಗದಿಂದಾಗಿ ಜೀವಂತ ಇಳಿಯಿತು ಅಂತಾರೆ. 1863ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ತೋಟಗಳು ಯಾಕೆ ಒಣಗ್ತಿವೆ ಅಂತ ಯಾರಿಗೂ ತಿಳಿಯಲಿಲ್ಲ. ಸತ್ತ ಬಳ್ಳಿಯನ್ನ ಕಿತ್ತು ನೋಡಿದರೆ ಬೇರಿನಲ್ಲಿ ಏನೂ ಇರುತ್ತಿರಲಿಲ್ಲ. ಹೇನು ಆಗಲೇ ಪಕ್ಕದ ಜೀವಂತ ಬಳ್ಳಿಗೆ ಹೋಗಿರುತ್ತಿತ್ತು. 1868ರಲ್ಲಿ ಮಾಂಪೆಲಿಯೇಯ ಸಸ್ಯವಿಜ್ಞಾನಿ ಪ್ಲಾಂಷೋನ್ ಮತ್ತು ಸಂಗಡಿಗರು ಇನ್ನೂ ಸಾಯದ ಬಳ್ಳಿಯ ಬೇರನ್ನ ನೋಡಿ ಹೇನನ್ನ ಹಿಡಿದರು.

ಹಿಡಿದರೂ ಮದ್ದಿರಲಿಲ್ಲ. ಮದ್ದು ಹುಡುಕಿದವರಿಗೆ 3 ಲಕ್ಷ ಫ್ರಾಂಕ್ ಬಹುಮಾನ ಅಂತ ಫ್ರೆಂಚ್ ಸರ್ಕಾರ ಸಾರಿತು. ಅದು ಕೊನೆಗೂ ಯಾರ ಕೈಗೂ ಹೋಗಲಿಲ್ಲ. 1875ರಲ್ಲಿ ಸುಮಾರು 840 ಕೋಟಿ ಲೀಟರ್ ವೈನ್ ತೆಗೆದಿದ್ದ ದೇಶ 1889ರಲ್ಲಿ ತೆಗೆದದ್ದು ಸುಮಾರು 230 ಕೋಟಿ ಲೀಟರ್. ಕುಡಿಯೋರು ಮಾತ್ರ ಕಮ್ಮಿ ಆಗಿರಲಿಲ್ಲ. ಬೋರ್ಡೋ ವ್ಯಾಪಾರಿಗಳು ಬೆಟ್ಟ ದಾಟಿ ಕೆಳಗಿಳಿದರು.

ಅವರು ಇಳಿದದ್ದು ಹಾರೋದಲ್ಲಿ. ಎಬ್ರೋ ಕಣಿವೆಯನ್ನ ಬಿಲ್ಬಾವೋ ಬಂದರಿಗೆ ಸೇರಿಸೋ ರೈಲು 1863ರಲ್ಲೇ ಅಲ್ಲಿಗೆ ಬಂದಿತ್ತು. ಪೀಪಾಯಿಯನ್ನ ಗತ್ತೆ ಮೇಲೆ ಹೇರೋಕಾಗುತ್ತಾ? ರೈಲೇ ಬೇಕು. ಹಾಗಾಗಿ ಕಂಪನಿಗಳು ಬೆಳೆದದ್ದು ತೋಟದ ನಡುವೆ ಅಲ್ಲ, ಸ್ಟೇಷನ್ ಪಕ್ಕ. 1877ರಲ್ಲಿ ಲೋಪೆಸ್ ದೆ ಎರೆದಿಯಾ, 1879ರಲ್ಲಿ ಕೂನೆ, 1890ರಲ್ಲಿ ಲಾ ರಿಯೋಹಾ ಆಲ್ತಾ. ಇವತ್ತಿಗೂ ಆ ಜಾಗದ ಹೆಸರು 'ಸ್ಟೇಷನ್ ಬಡಾವಣೆ'. ಒಂದರಿಂದ ಒಂದಕ್ಕೆ ನಡಕೊಂಡೇ ಹೋಗಬಹುದು. 1882ರ ವ್ಯಾಪಾರ ಒಪ್ಪಂದ ಸ್ಪೇನಿನ ವೈನಿಗೆ ಫ್ರಾನ್ಸಿನ ಬಾಗಿಲನ್ನ ಇನ್ನೂ ಅಗಲ ತೆರೆಯಿತು. 1890ರಲ್ಲಿ ಹಾರೋ ಬೀದಿಗಳಿಗೆ ವಿದ್ಯುದ್ದೀಪ ಬಂತು, ಸ್ಪೇನಿನ ಎಷ್ಟೋ ಊರುಗಳಿಗಿಂತ ಮೊದಲೇ. 'ಹಾರೋ, ಪ್ಯಾರಿಸ್, ಲಂಡನ್' ಅಂತ ಒಂದೇ ಉಸಿರಲ್ಲಿ ಹೇಳಿಕೊಳ್ಳೋ ಜಂಬ ಆಗಿನದು. ನಮ್ಮ ಬೆಂಗಳೂರನ್ನ ಸಿಂಗಾಪುರ ಮಾಡ್ತೀವಿ ಅಂತ ಮಂತ್ರಿಗಳು ಹೇಳ್ತಿದ್ದರಲ್ಲ, ಸುಮಾರು ಆ ಥರ.

ಗೋಧಿ ಹೊಲಗಳೂ ದ್ರಾಕ್ಷಿ ತೋಟ ಆದವು. ಬೋರ್ಡೋ ಬೇಡಿದ್ದು ಹೆಚ್ಚಾಗಿ ಹೆಸರಿಲ್ಲದ ಸಗಟು ವೈನ್. ಇಲ್ಲಿಂದ ಪೀಪಾಯಿಯಲ್ಲಿ ಹೋಗುತ್ತಿತ್ತು, ಅಲ್ಲಿ ಬೆರಕೆಯಾಗಿ ಬೇರೆ ಹೆಸರಲ್ಲಿ ಮಾರಾಟ ಆಗುತ್ತಿತ್ತು. ಕೆಲಸ ಇವರದು, ಬ್ರ್ಯಾಂಡ್ ಅವರದು. ಈ ವ್ಯವಸ್ಥೆಗೆ ನಮ್ಮ ಕಾಲದಲ್ಲಿ ಏನಂತಾರೆ ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅಷ್ಟರಲ್ಲಿ ಫ್ರೆಂಚರಿಗೆ ದಾರಿ ಸಿಕ್ಕಿತ್ತು, ಅದೂ ಹೇನು ಬಂದ ಕಡೆಯಿಂದಲೇ. ಅಮೆರಿಕದ ಕಾಡುಬಳ್ಳಿಗಳ ಬೇರನ್ನ ಹೇನು ಕಚ್ಚಿದರೂ ಅವು ಸಾಯೋದಿಲ್ಲ. ಆ ಬೇರಿನ ಮೇಲೆ ಯುರೋಪಿನ ಬಳ್ಳಿಯನ್ನ ಕಸಿ ಕಟ್ಟಿದರೆ ಕೆಳಗೆ ಅಮೆರಿಕ, ಮೇಲೆ ಫ್ರಾನ್ಸ್. ಫ್ರಾನ್ಸಿನ ತೋಟಗಳು ಮತ್ತೆ ಚಿಗುರಿದವು. ಸ್ವಂತ ವೈನ್ ಬಂದ ಮೇಲೆ ಪಕ್ಕದ ಮನೆಯ ವೈನ್ ಯಾಕೆ ಬೇಕು? 1892ರಲ್ಲಿ ಒಪ್ಪಂದ ಮುಗಿಯಿತು, ಸುಂಕ ಏರಿತು. ಸಗಟು ವೈನ್ ಕೊಳ್ಳೋರಿಲ್ಲದೆ ಉಳಿಯಿತು. ಏಳು ವರ್ಷ ಕಳೆದು 1899ರಲ್ಲಿ ಹೇನು ರಿಯೋಹಾಕ್ಕೂ ಬಂತು. ತೋಟಗಳ ಬಹುಪಾಲು ನಾಶವಾಯಿತು. ಕಿತ್ತು ಕಸಿಗಿಡ ನೆಡೋಕೆ ದುಡ್ಡಿಲ್ಲದವರು ಊರು ಬಿಟ್ಟರು. ಕೆಲವರು ಬಿಲ್ಬಾವೋದ ಕಾರ್ಖಾನೆಗಳಿಗೆ, ಕೆಲವರು ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ.

ಉಳಿದವರು ಯಾರು? ತಮ್ಮದೇ ಹೆಸರು ಅಂಟಿಸಿ, ಬಾಟಲಿಯಲ್ಲಿ ಮಾರಿದವರು. ಮಾಳಿಗೆಯಲ್ಲಿ ಹಳೇ ವೈನಿನ ದಾಸ್ತಾನು ಇದ್ದವರು. 1895ರ ಬೋರ್ಡೋ ಪ್ರದರ್ಶನದಲ್ಲಿ ರಿಸ್ಕಾಲ್ ವೈನಿಗೆ ಗೌರವ ಪದವಿ ಸಿಕ್ಕಿತು. ಫ್ರಾನ್ಸಿನ ಹೊರಗಿನ ವೈನಿಗೆ ಅದು ಸಿಕ್ಕಿದ್ದು ಅದೇ ಮೊದಲು. ಗುರುವಿನ ಮನೆಯಲ್ಲೇ ಶಿಷ್ಯನಿಗೆ ಶಾಲು ಹೊದಿಸಿದ ಹಾಗೆ. ಹೆಸರು ಬಂದದ್ದೇ ತಡ, ಖಾಲಿ ಬಾಟಲಿಗೆ ಕಳಪೆ ವೈನ್ ತುಂಬಿ ಮಾರೋರು ಹುಟ್ಟಿಕೊಂಡರು. ಅವರನ್ನ ತಡೆಯೋಕೆ ರಿಸ್ಕಾಲ್ ಬಾಟಲಿಗೆ ತಂತಿ ಬಲೆ ಹೊದಿಸಿದರು: ಬಲೆ ಹರಿಯದೆ ಬಿರಡೆ ತೆಗೆಯೋಕಾಗದು. ಇವತ್ತು ಕೆಲವು ರಿಯೋಹಾ ಬಾಟಲಿಗಳ ಮೇಲೆ ಅಲಂಕಾರದ ಹಾಗೆ ಕಾಣೋ ಬಂಗಾರದ ಬಣ್ಣದ ಜಾಲರಿ ಮೂಲದಲ್ಲಿ ಒಂದು ಬೀಗ.

ಲೇಬಲ್ಲಿನ ಪದಗಳು ಈಗ ಅರ್ಥ ಆಗುತ್ತವೆ. 'ಕ್ರಿಯಾಂಸಾ' ಅಂದ್ರೆ ಸಾಕಣೆ, ಮಕ್ಕಳನ್ನ ಬೆಳೆಸೋದಕ್ಕೂ ಅದೇ ಪದ. ರಿಯೋಹಾದ ಕೆಂಪು ವೈನ್ ಕ್ರಿಯಾಂಸಾ ಅನಿಸಿಕೊಳ್ಳಬೇಕಾದರೆ ಎರಡು ವರ್ಷ ಮಾಗಿರಬೇಕು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ರೆಸೆರ್ವಾಕ್ಕೆ ಮೂರು ವರ್ಷ, ಗ್ರಾನ್ ರೆಸೆರ್ವಾಕ್ಕೆ ಐದು. ಬೇರೆ ಕಡೆಯ ದುಬಾರಿ ವೈನನ್ನ ಕೊಂಡವರು ಮನೆಯಲ್ಲಿಟ್ಟು ವರ್ಷಗಟ್ಟಲೆ ಕಾಯಬೇಕು. ರಿಯೋಹಾದಲ್ಲಿ ಆ ಕೆಲಸವನ್ನ ಮಾಡಿದವರೇ ಮಾಡಿ ಕಳಿಸ್ತಾರೆ. ಕಿಂತಾನೋಗೆ ಯಾರೂ ಕೊಡದ ಕಾಯುವ ಬೆಲೆಯನ್ನ ಈಗ ಕಾನೂನೇ ಲೇಬಲ್ ಮೇಲೆ ಬರೆಸುತ್ತೆ.

ಆ ಪೀಪಾಯಿಗಳಿಗೆ ಬಹುಕಾಲದಿಂದ ಬಳಸಿದ್ದು ಹೆಚ್ಚಾಗಿ ಅಮೆರಿಕದ ಓಕ್. ಅಟ್ಲಾಂಟಿಕ್ ವ್ಯಾಪಾರ ಇದ್ದ ದೇಶಕ್ಕೆ ಅದು ಕೈಗೆಟುಕುವ ಮರ. ರಿಯೋಹಾ ಮೂಸಿದಾಗ ಬರೋ ವೆನಿಲಾ, ಕೊಬ್ಬರಿಯ ಘಮ ಈ ಮರದ್ದು. ಅಂದ ಹಾಗೆ, ನಾವು ಪೀಪಾಯಿ ಅನ್ನೋ ಪದ ಪೋರ್ಚುಗೀಸರ 'ಪೀಪಾ'ದಿಂದ ಬಂದದ್ದು. ಸ್ಪ್ಯಾನಿಷ್‌ನಲ್ಲೂ ವೈನ್ ಪೀಪಾಯಿಗೆ ಅದೇ ಹೆಸರಿದೆ.

ಇನ್ನು ಊಟ. ನಮ್ಮಲ್ಲಿ 'ವೈನ್ ಪೇರಿಂಗ್' ಅಂದ ಕೂಡಲೇ ಒಂದು ಪರೀಕ್ಷೆಯ ವಾತಾವರಣ ಬಂದುಬಿಡುತ್ತೆ. ಆಫೀಸ್ ಡಿನ್ನರಿನಲ್ಲಿ ವೈನ್ ಪಟ್ಟಿ ಮೇಜಿನ ಸುತ್ತ ಒಬ್ಬರಿಂದ ಒಬ್ಬರಿಗೆ ದಾಟಿ ಕೊನೆಗೆ ಸೀನಿಯರ್ ಮುಂದೆ ನಿಲ್ಲೋದನ್ನ ನಾನು ಎಷ್ಟೋ ಸಲ ನೋಡಿದ್ದೀನಿ. ರಿಯೋಹಾದಲ್ಲಿ ಈ ಜೋಡಿಗಳನ್ನ ಮಾಡಿದ್ದು ತೋಟದ ಕೆಲಸ. ಚಳಿಗಾಲದಲ್ಲಿ ಬಳ್ಳಿ ಸವರಿದಾಗ ರಾಶಿ ರಾಶಿ ಕಡ್ಡಿ ಬೀಳುತ್ತೆ. ಅದನ್ನ ಒಣಗಿಸಿ ಉರಿಸಿದರೆ ಬೇಗ ಹತ್ತಿ ಬೇಗ ಕೆಂಡವಾಗುತ್ತೆ. ದಕ್ಷಿಣದ ಕಾಮೆರೋಸ್ ಬೆಟ್ಟಗಳು ವಲಸೆ ಕುರಿಗಳ ನಾಡು. ಎಳೆ ಕುರಿಮರಿಯ ಪಕ್ಕೆಲುಬಿನ ತುಂಡುಗಳನ್ನ ಆ ಕೆಂಡದ ಮೇಲೆ ಸುಟ್ಟು ಉಪ್ಪು ಉದುರಿಸಿದರೆ ಮುಗೀತು. ರಿಯೋಹಾದ ಹೆಸರಾಂತ ಅಡುಗೆ ಅದೇ. ಬಳ್ಳಿಯ ಹಣ್ಣು ಲೋಟದಲ್ಲಿ, ಬಳ್ಳಿಯ ಕಡ್ಡಿ ಒಲೆಯಲ್ಲಿ.

ಇದು ಯಾಕೆ ಹೊಂದುತ್ತೆ ಅನ್ನೋದಕ್ಕೆ ಕನ್ನಡದಲ್ಲಿ ಒಳ್ಳೇ ಪದವಿದೆ: ಒಗರು. ಅಡಿಕೆ, ನೇರಳೆ, ಬಾಳೆಕಾಯಿಯ ಒಗರು. ಕೆಂಪು ವೈನಿಗೆ ಅದು ದ್ರಾಕ್ಷಿ ಸಿಪ್ಪೆ, ಬೀಜ, ಓಕ್ ಮರದಿಂದ ಬರುತ್ತೆ. ಎಂಜಲಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಯನ್ನ ಒಣಗಿಸುತ್ತೆ. ಬಾಯಲ್ಲಿ ಮಾಂಸದ ಪ್ರೋಟೀನು, ಕೊಬ್ಬು, ಉಪ್ಪು ಇದ್ದಾಗ ಒಗರು ಅಷ್ಟು ಹಿಡಿಯೋದಿಲ್ಲ. ಕೊಬ್ಬಿನ ಜಿಡ್ಡನ್ನ ವೈನು ತೊಳೆಯುತ್ತೆ. ಇಬ್ಬರಿಗೂ ಲಾಭ.

ಎರಡನೇ ಅಡುಗೆ ಕೂಲಿಕಾರರದ್ದು: ರಿಯೋಹಾ ಶೈಲಿಯ ಆಲೂಗಡ್ಡೆ. ಚಾಕುವನ್ನ ಅರ್ಧ ಇಳಿಸಿ, ಮಿಕ್ಕಿದ್ದನ್ನ ಮುರಿಯಬೇಕು. ಆಗ ಪಿಷ್ಟ ಬಿಟ್ಟುಕೊಂಡು ಸಾರು ಗಟ್ಟಿಯಾಗುತ್ತೆ. ಜೊತೆಗೆ ಈರುಳ್ಳಿ, ಬೆಳ್ಳುಳ್ಳಿ, ಚೊರೀಸೋ ಅನ್ನೋ ಕೆಂಪು ಹಂದಿಮಾಂಸದ ಸಾಸೇಜು, ಒಣಗಿದ ಕೆಂಪು ಮೆಣಸಿನಕಾಯಿಯ ತಿರುಳು. ಆಲೂಗಡ್ಡೆ, ಮೆಣಸಿನಕಾಯಿ ಎರಡೂ ಅಮೆರಿಕದಿಂದ ಹಡಗು ಹತ್ತಿ ಬಂದವು. ಪೋರ್ಚುಗೀಸರ ಕೈಯಿಂದ ಅದೇ ಮೆಣಸಿನಕಾಯಿ ನಮ್ಮ ಕರಾವಳಿಗೂ ಬಂತು, 'ಬಟಾಟಿ' ಅನ್ನೋ ಹೆಸರು ಉತ್ತರ ಕರ್ನಾಟಕದ ಅಡುಗೆಮನೆವರೆಗೂ ಬಂತು. ಸ್ಪೇನಿನ ಮೆಣಸಿನಕಾಯಿಯ ಬಣ್ಣ ಜಾಸ್ತಿ, ಖಾರ ಕಮ್ಮಿ. ನಮ್ಮ ಬ್ಯಾಡಗಿಯ ಹತ್ತಿರದ ನೆಂಟ. ಈ ಖಾರದ ವಿಷಯ ಮುಖ್ಯ. ಮದ್ಯಸಾರ ಮೆಣಸಿನಕಾಯಿಯ ಉರಿಯನ್ನ ಹೆಚ್ಚಿಸುತ್ತೆ, ಒಗರು ಅದಕ್ಕೆ ತುಪ್ಪ ಸುರಿಯುತ್ತೆ. ಗುಂಟೂರು ಖಾರದ ಚಿಕನ್ ಜೊತೆ ರಿಯೋಹಾ ಕುಡಿದು ವೈನನ್ನ ಬೈಯೋದು ನ್ಯಾಯವಲ್ಲ.

'ಮಾಂಸಕ್ಕೆ ಕೆಂಪು, ಮೀನಿಗೆ ಬಿಳಿ' ಅನ್ನೋ ಸೂತ್ರವೂ ಅಲ್ಲಿ ನಡೆಯೋದಿಲ್ಲ. ಸಮುದ್ರ ದೂರ, ಉಪವಾಸದ ದಿನಗಳಲ್ಲಿ ಮಾಂಸ ನಿಷಿದ್ಧ. ಹಾಗಾಗಿ ಉಪ್ಪು ಹಾಕಿ ಒಣಗಿಸಿದ ಕಾಡ್ ಮೀನನ್ನ ನೆನೆಸಿ ಟೊಮೆಟೊ, ಕೆಂಪು ದೊಣ್ಣೆಮೆಣಸಿನ ಗೊಜ್ಜಿನಲ್ಲಿ ಬೇಯಿಸಿ ಕೆಂಪು ವೈನ್ ಜೊತೆ ತಿಂತಾರೆ. ಒಣಮೀನಿನ ರುಚಿ ಗೊತ್ತಿರೋ ಕರಾವಳಿಯವರಿಗೆ ಇದು ಆಶ್ಚರ್ಯ ಅನಿಸಲಿಕ್ಕಿಲ್ಲ. ಸಸ್ಯಾಹಾರಿಗಳೂ ನಿರಾಶರಾಗಬೇಕಿಲ್ಲ. ಸುಟ್ಟು ಸಿಪ್ಪೆ ತೆಗೆದ ಕೆಂಪು ಮೆಣಸು, ಬೆಳ್ಳುಳ್ಳಿ ಎಣ್ಣೆಯಲ್ಲಿ ಹುರಿದ ಅಣಬೆ, ಕುರಿಹಾಲಿನ ಗಟ್ಟಿ ಚೀಸ್ ಎಲ್ಲವೂ ಆ ನಾಡಿನದ್ದೇ. ಲೊಗ್ರೋನ್ಯೋದ ಲಾರೆಲ್ ಬೀದಿಯಲ್ಲಿ ಅಂಗಡಿಗೊಂದು ತಿಂಡಿ. ಒಂದು ಕಡೆ ಒಂದು ತುತ್ತು, ಒಂದು ಸಣ್ಣ ಲೋಟ, ಮುಂದಿನ ಬಾಗಿಲು. ನಮ್ಮಲ್ಲಿ ಕುಡಿಯೋದು ಮುಗಿದ ಮೇಲೆ ಊಟ, ಅಲ್ಲಿಯವರೆಗೆ ನೆಂಚಿಕೊಳ್ಳೋಕೆ ಕಡಲೆಬೀಜ. ಅಲ್ಲಿ ವೈನೇ ಊಟಕ್ಕೆ ನೆಂಚಿಕೊಳ್ಳೋದು. ಕುಡಿತದಿಂದ ಮನೆಗಳು ಹಾಳಾದದ್ದನ್ನ ಕಂಡ ನಾಡು ನಮ್ಮದು. ಎಷ್ಟು ಕುಡೀತೀವಿ ಅನ್ನೋದರಷ್ಟೇ ಹೇಗೆ ಕುಡೀತೀವಿ ಅನ್ನೋದೂ ಮುಖ್ಯ ಅಂತ ನನಗನಿಸೋದು ಅದಕ್ಕೇ.

ಈ ಕತೆಯ ಒಂದು ಎಳೆ ನಮ್ಮ ಮನೆ ಬಾಗಿಲಿಗೂ ಬಂದಿದೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯೋ ಬೆಂಗಳೂರು ನೀಲಿ ದ್ರಾಕ್ಷಿಯ ಘಾಟು ವಾಸನೆ ಯುರೋಪಿನ ದ್ರಾಕ್ಷಿಗೆ ಇಲ್ಲ. ಅದು ಅಮೆರಿಕದ ಬಳ್ಳಿಯ ರಕ್ತ. ಇಸಬೆಲ್ಲಾ ಅನ್ನೋ ಅಮೆರಿಕನ್ ಬೆರಕೆ ತಳಿಯೇ ಇದು ಅಂತಾರೆ ತಳಿ ಬಲ್ಲವರು. ನಮ್ಮ ರಾಜ್ಯದ ಎಷ್ಟೋ ತೋಟಗಳಲ್ಲಿ ಬರ, ಉಪ್ಪುನೀರು ತಡೆಯಲಿ ಅಂತ ಡಾಗ್‌ರಿಡ್ಜ್ ಅನ್ನೋ ಅಮೆರಿಕನ್ ಬೇರಿನ ಮೇಲೆ ಕಸಿ ಕಟ್ಟಿರ್ತಾರೆ. ನಂದಿಬೆಟ್ಟದ ತಪ್ಪಲಲ್ಲಿ ಕೆಲವು ದಶಕಗಳಿಂದ ಫ್ರೆಂಚ್ ತಳಿಗಳಿಂದ ವೈನ್ ಆಗ್ತಿದೆ, 2007ರಲ್ಲಿ ರಾಜ್ಯದ ವೈನ್ ನೀತಿಯೂ ಬಂತು. ಆದರೆ ನೀಲಿ ದ್ರಾಕ್ಷಿ ಬೆಳೆಯೋ ಸಣ್ಣ ರೈತ ಇವತ್ತಿಗೂ ಕೊಯ್ದ ಹಣ್ಣನ್ನ ಸಿಕ್ಕಿದ ರೇಟಿಗೆ ಲಾರಿಗೆ ಹಾಕ್ತಾನೆ. ಕಿಂತಾನೋನ ಊರಿನವರ ಕಷ್ಟವೇ ಅದು: ಕಾಯೋಕೆ ಬೇಕಾದ ದುಡ್ಡು ಬೆಳೆಯೋರ ಹತ್ತಿರ ಇಲ್ಲ.

ರಿಯೋಹಾ ಕೊಳ್ಳೋದಾದರೆ ಕ್ರಿಯಾಂಸಾದಿಂದ ಶುರು ಮಾಡಿ, ಊಟಕ್ಕೆ ಅದೇ ಸಾಕು. 'ರೂಮ್ ಟೆಂಪರೇಚರ್' ಅನ್ನೋ ಮಾತು ಅಲ್ಲಿನ ಕಲ್ಲಿನ ಮನೆಗಳದ್ದು, ಬೆಂಗಳೂರಿನ ಏಪ್ರಿಲ್ಲಿಗೆ ಹೊಂದೋದಿಲ್ಲ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಮಟನ್ ಚಾಪ್ಸಿಗೆ ಮೆಣಸಿನಕಾಯಿ ಕಮ್ಮಿ ಮಾಡಿ ಕರಿಮೆಣಸು, ಉಪ್ಪು ಸಾಕು. ಹುಣಸೆಹುಳಿ ಜೋರಾಗಿರೋ ಅಡುಗೆ ಬೇಡ, ವೈನ್ ಸಪ್ಪೆಯಾಗುತ್ತೆ. ಬಿಲ್ ನೋಡಿ ಜಾಸ್ತಿ ಆಯ್ತು ಅನ್ನಿಸಿದರೆ ಅದರಲ್ಲಿ ಎಷ್ಟು ಪಾಲು ಇಲ್ಲಿನ ಸುಂಕ, ಎಷ್ಟು ಪಾಲು ಅಲ್ಲಿ ಯಾರೋ ಕಾದ ವರ್ಷಗಳದ್ದು ಅಂತ ಒಮ್ಮೆ ಲೆಕ್ಕ ಹಾಕಿ.